ಮದುವೆ ವಿಡಿಯೊ ಯಾರದು?

ಕಲಬುರಗಿ ಕೋರ್ಟಿನ ಸುತ್ತಲಿನ ಝೆರಾಕ್ಸ್ ಅಂಗಡಿಗಳಲ್ಲಿ ಹಿಂದೆಲ್ಲ ಪಹಣಿ, ಮ್ಯುಟೇಶನ್, ಖರೀದಿ ಪತ್ರಗಳದ್ದೇ ರಾಶಿ. ಈಗ ಅವುಗಳ ನಡುವೆ ವಾಟ್ಸಾಪ್ ಜಗಳದ ಪ್ರಿಂಟುಗಳೂ ಹೊರಬರುತ್ತವೆ. ಒಂದು ಹಾಳೆಗೆ ನಾಲ್ಕು ಸ್ಕ್ರೀನ್‌ಶಾಟ್, ಅದೂ ಕಪ್ಪು ಬಿಳುಪಿನಲ್ಲಿ. ಹಸಿರು ಗುಳ್ಳೆ, ಬಿಳಿ ಗುಳ್ಳೆ ಎರಡೂ ಬೂದಿಯ ಬಣ್ಣಕ್ಕೆ ತಿರುಗಿರುವುದರಿಂದ ಯಾರು ಯಾರಿಗೆ ಬೈದರು ಎಂಬುದನ್ನು ಎಡ ಬಲ ನೋಡಿಯೇ ತಿಳಿಯಬೇಕು. ಮಾತು ಕನ್ನಡದ್ದು, ನಡುನಡುವೆ ದಖನಿ, ಅಕ್ಷರ ಮಾತ್ರ ಇಂಗ್ಲಿಷಿನವು. ಮೇಲ್ಗಡೆ ತಾರೀಖಿನ ಬದಲು 'ಇಂದು' ಎಂದಷ್ಟೇ ಇರುತ್ತದೆ. ಯಾವ ವರ್ಷದ ಯಾವ ಇಂದು ಎಂದು ನ್ಯಾಯಾಧೀಶರು ಕೇಳಿದರೆ ತಲೆ ಕೆರೆದುಕೊಳ್ಳಬೇಕು. ನಂಬರಿನ ಜಾಗದಲ್ಲಿ ಫೋನಿನಲ್ಲಿ ಉಳಿಸಿಕೊಂಡ ಹೆಸರು. ಗಂಡ ತನ್ನ ಗೆಳತಿಯ ನಂಬರನ್ನು 'ಗ್ಯಾಸ್ ಏಜೆನ್ಸಿ' ಎಂದು ಇಟ್ಟುಕೊಂಡಿದ್ದನೆನ್ನಿ, ಹಾಳೆಯ ಮೇಲೆ ಆತ ಸಿಲಿಂಡರಿನವನ ಜೊತೆ ಪ್ರೇಮಸಲ್ಲಾಪ ನಡೆಸಿದಂತೆ ಕಾಣುತ್ತದೆ.

"ವಕೀಲ ಸಾಹೇಬ್ರೇ, ಎಲ್ಲಾ ಇದ್ರಾಗೇ ಅದ ನೋಡ್ರಿ" ಎಂದು ಫೋನನ್ನೇ ಮೇಜಿನ ಮೇಲಿಡುವ ಕಕ್ಷಿದಾರರು ಹೆಚ್ಚಾಗಿದ್ದಾರೆ. ಆಶ್ಚರ್ಯವೇನಿಲ್ಲ. ಗಂಡ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಪುಣೆಯಲ್ಲೋ ದುಡಿಯುತ್ತಾನೆ, ಹೆಂಡತಿ ಕಮಲಾಪುರದಲ್ಲಿ ಅತ್ತೆ ಮಾವನ ಜೊತೆ ಇರುತ್ತಾಳೆ. ಅವರ ಸಂಸಾರ ನಡೆಯುವುದೇ ಫೋನಿನಲ್ಲಿ. ಮುನಿಸು, ರಾಜಿ, ಬೆದರಿಕೆ, ಖರ್ಚಿಗೆ ಕಳಿಸಿದ ದುಡ್ಡು, ಕಳಿಸದೇ ಹೋದ ದುಡ್ಡು, ಎಲ್ಲದರ ಗುರುತು ಅಲ್ಲೇ ಉಳಿದಿರುತ್ತದೆ. ಹಿಂದೂ ವಿವಾಹ ಕಾಯ್ದೆಯ 19ನೇ ಕಲಂ ಪ್ರಕಾರ ಹೆಂಡತಿ ತಾನಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ದಾವೆ ಹಾಕಬಹುದು. ಆಕೆ ಕಮಲಾಪುರದಿಂದ ಬಸ್ಸು ಹತ್ತಿ ಕಲಬುರಗಿಗೆ ಬರುವಾಗ ಸಾಕ್ಷಿಯೂ ಜೊತೆಯಲ್ಲೇ, ಚಾರ್ಜ್ ಇಳಿಯುತ್ತಾ, ಬರುತ್ತದೆ.

ಆದರೆ ಫೋನಿನಲ್ಲಿ ಇದ್ದ ಮಾತ್ರಕ್ಕೆ ಅದು ಸಾಕ್ಷಿಯಾಗದು. ಫೋನಿನಲ್ಲಿ ಇದ್ದ ಮಾತ್ರಕ್ಕೆ ಅದು ನಮ್ಮ ಸ್ವತ್ತೂ ಆಗದು. ಸಾಕ್ಷಿಯೂ ಆಯಿತು, ಸ್ವತ್ತೂ ಆಯಿತು ಎಂದುಕೊಂಡರೂ ಊರಿಗೆಲ್ಲ ತೋರಿಸುವ ಹಕ್ಕು ಬರುವುದಿಲ್ಲ. ಈ ಮೂರನ್ನೂ ಕಾನೂನು ಬೇರೆ ಬೇರೆ ಕಪಾಟಿನಲ್ಲಿ ಇಟ್ಟಿದೆ. ಮೊದಲನೆಯದು ವಿಚ್ಛೇದನದ ವಕೀಲರ ತಲೆನೋವು, ಎರಡನೆಯದು ಕಾಪಿರೈಟಿನವರದು, ಮೂರನೆಯದು ಇಬ್ಬರದೂ. ನಮ್ಮ ಜನ ಮಾತ್ರ ಮೂರನ್ನೂ ಒಂದೇ ಎಂದು ತಿಳಿದು ಪೇಚಿಗೆ ಸಿಲುಕುತ್ತಾರೆ.

ಸಾಕ್ಷಿಯ ಮಾತು ಮೊದಲು. ಎಲೆಕ್ಟ್ರಾನಿಕ್ ದಾಖಲೆಗೆ ಹಳೆಯ ಸಾಕ್ಷ್ಯ ಕಾಯ್ದೆಯ 65-ಬಿ ಕಲಂ ಕೇಳುತ್ತಿದ್ದ ಪ್ರಮಾಣಪತ್ರ ಕಡ್ಡಾಯವೇ ಎಂಬ ಬಗ್ಗೆ ಕೋರ್ಟುಗಳು ವರ್ಷಗಟ್ಟಲೆ ಹೊಯ್ದಾಡಿದವು. 2020ರ ಜುಲೈನಲ್ಲಿ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಡ್ಡಾಯ ಎಂದಿತು. ಮೂಲ ಉಪಕರಣವನ್ನೇ ತಂದು ಅದರ ಒಡೆಯ ಸಾಕ್ಷಿ ನುಡಿದರೆ ವಿನಾಯಿತಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಪ್ರಮಾಣಪತ್ರಕ್ಕೆ ಈಗ ಎರಡು ಭಾಗ: ಒಂದಕ್ಕೆ ಫೋನ್ ಇಟ್ಟುಕೊಂಡವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಜೊತೆಗೆ ಕಡತದ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಹ್ಯಾಶ್ ಎಂದರೆ ಕಡತದಿಂದ ಲೆಕ್ಕ ಹಾಕಿ ತೆಗೆದ ಅಂಕಿ ಅಕ್ಷರಗಳ ಉದ್ದನೆಯ ಸಾಲು. ಆಡಿಯೊದಲ್ಲಿ ಒಂದು ಕೆಮ್ಮನ್ನು ಕತ್ತರಿಸಿ ತೆಗೆದರೂ ಆ ಸಾಲು ಪೂರ್ತಿ ಬದಲಾಗುತ್ತದೆ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 14ನೇ ಕಲಂ, ಸಾಕ್ಷ್ಯ ಕಾಯ್ದೆಯ ಬಿಗಿ ಇಲ್ಲದೆಯೂ ದಾಖಲೆ ನೋಡುವ ಸಡಿಲಿಕೆ ಕೊಟ್ಟಿದೆ, ನಿಜ. ಹಾಗೆಂದು ಪ್ರಮಾಣಪತ್ರದ ಗೊಡವೆ ಬಿಡುವುದು ಜಾಣತನವಲ್ಲ. ಕೆಳಗಿನ ಕೋರ್ಟಿನಲ್ಲಿ ನಡೆದುಹೋದದ್ದು ಹೈಕೋರ್ಟಿನಲ್ಲಿ ಮುಗ್ಗರಿಸಬಹುದು. ಆ ಹೈಕೋರ್ಟ್ ಪೀಠ 2008ರಿಂದ ನಮ್ಮೂರಲ್ಲೇ ಇದೆ, 2013ರಲ್ಲಿ ಕಾಯಂ ಆಯಿತು. ಮೇಲ್ಮನವಿಗೆಂದು ಬೆಂಗಳೂರಿನ ರೈಲು ಹತ್ತಬೇಕಿದ್ದ ಕಾಲ ಹೋಯಿತು. ಹಾಗಾಗಿ ಮೇಲ್ಮನವಿಗಳೂ ಸಲೀಸಾಗಿವೆ.

ಕದ್ದು ಮಾಡಿದ ರೆಕಾರ್ಡಿಂಗ್ ನಡೆಯುತ್ತದೆಯೇ? ಇದಕ್ಕೆ 2025ರ ಜುಲೈ 14ರಂದು ಉತ್ತರ ಬಂತು. ಪಂಜಾಬಿನ ಬಠಿಂಡಾದ ದಂಪತಿಯ ಪ್ರಕರಣ ಅದು. ಹೆಂಡತಿಯ ಮಾತುಗಳನ್ನು ಗಂಡ ಆಕೆಗೆ ತಿಳಿಯದಂತೆ ವರ್ಷಗಟ್ಟಲೆ ರೆಕಾರ್ಡ್ ಮಾಡಿಕೊಂಡಿದ್ದ, ಸಿ.ಡಿ., ಮೆಮೊರಿ ಕಾರ್ಡುಗಳನ್ನು ಕೋರ್ಟಿಗೆ ಕೊಟ್ಟ. ಕೌಟುಂಬಿಕ ನ್ಯಾಯಾಲಯ ಒಪ್ಪಿತು, 2021ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಖಾಸಗಿತನದ ಭಂಗವೆಂದು ತಳ್ಳಿಹಾಕಿತು, ಸುಪ್ರೀಂ ಕೋರ್ಟ್ ಮತ್ತೆ ಒಪ್ಪಿತು. ಪೀಠದಲ್ಲಿ ಇದ್ದವರು ನ್ಯಾ. ಬಿ.ವಿ. ನಾಗರತ್ನ ಮತ್ತು ನ್ಯಾ. ಸತೀಶ್ ಚಂದ್ರ ಶರ್ಮಾ. ಗಂಡ ಹೆಂಡಿರ ನಡುವಿನ ಮಾತನ್ನು ಹೊರಗೆಡಹುವಂತಿಲ್ಲ ಎನ್ನುವ ಹಳೆಯ ಸಾಕ್ಷ್ಯ ಕಾಯ್ದೆಯ 122ನೇ ಕಲಮಿನಲ್ಲೇ, ಅವರಿಬ್ಬರ ನಡುವಿನ ವ್ಯಾಜ್ಯಕ್ಕೆ ಇದು ಅನ್ವಯಿಸದು ಎಂದು ಮೊದಲಿನಿಂದ ಬರೆದಿದೆ. ಅದನ್ನೇ ಪೀಠ ಎತ್ತಿ ಹಿಡಿಯಿತು. ಹೀಗೆ ಬಿಟ್ಟರೆ ಮನೆಮನೆಯಲ್ಲೂ ಬೇಹುಗಾರಿಕೆ ಶುರುವಾಗುತ್ತದೆ ಎಂಬ ವಾದಕ್ಕೆ ಪೀಠದ ಉತ್ತರವೂ ಇತ್ತು: ಒಬ್ಬರ ಮೇಲೊಬ್ಬರು ಕದ್ದು ಕಣ್ಣಿಡುವ ಹಂತಕ್ಕೆ ಬಂದಿದ್ದಾರೆಂದರೆ ಆ ಸಂಬಂಧ ಆಗಲೇ ಮುರಿದಿದೆ, ಬೇಹುಗಾರಿಕೆ ಅದರ ಲಕ್ಷಣ ಅಷ್ಟೇ.

ಕಲಮಿನ ಓದು ಸರಿಯಾಗಿಯೇ ಇದೆ. ಲಕ್ಷಣದ ಮಾತನ್ನು ಮಾತ್ರ ನಾನು ಅರ್ಧ ಒಪ್ಪುತ್ತೇನೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಸೊಸೆಯ ಫೋನ್ ಎಂದರೆ ಗಂಡ ಕೊಡಿಸಿದ್ದು, ಸಿಮ್ ಗಂಡನ ಹೆಸರಿನದು, ಪಾಸ್‌ವರ್ಡ್ ಮೈದುನನಿಗೂ ಗೊತ್ತು. ಮದುವೆಯಾದ ವಾರದಿಂದಲೇ ಸಂಜೆ ಹೊತ್ತು ಅದನ್ನು ತಿರುವಿ ನೋಡುವುದು ಅಲ್ಲಿ ಬೇಹುಗಾರಿಕೆ ಅನ್ನಿಸಿಕೊಳ್ಳುವುದಿಲ್ಲ, ಮನೆಯ ರೂಢಿ ಅನ್ನಿಸಿಕೊಳ್ಳುತ್ತದೆ. ಅಂಥ ಮನೆಯಲ್ಲಿ ಸಾಕ್ಷಿ ಸಂಗ್ರಹಿಸುವ ಶಕ್ತಿ ಇಬ್ಬರಿಗೂ ಸಮನಾಗಿಲ್ಲ. ಫೋನ್ ಯಾರ ಕೈಯಲ್ಲಿದೆಯೋ ದಾಖಲೆಯೂ ಅವರದೇ. ತವರಿಗೆ ಅಟ್ಟುವಾಗ ಫೋನ್ ಕಿತ್ತುಕೊಂಡರೆಂದರೆ ಆಕೆಯ ಪಾಲಿನ ಸಾಕ್ಷಿ ಅಲ್ಲಿಗೇ ಮುಗಿಯಿತು. ಒಬ್ಬ ಗಂಡಸು ಹೆಣ್ಣಿನ ಇಂಟರ್ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದನ್ನು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಹಿಂಬಾಲಿಸುವ ಅಪರಾಧದಲ್ಲಿ ಸೇರಿಸಿದೆ; ಗಂಡನಿಗೆ ರಿಯಾಯಿತಿ ಎಂದು ಅಲ್ಲಿ ಬರೆದಿಲ್ಲ. ರೆಕಾರ್ಡಿಂಗ್ ಒಪ್ಪುವ ಕೋರ್ಟು ಅದನ್ನು ಪಡೆದ ಬಗೆಯನ್ನೂ ಒಂದಿಷ್ಟು ವಿಚಾರಿಸಿದರೆ ಕಾನೂನಿಗೆ ಭಂಗವೇನೂ ಆಗದು.

ಗೋಪ್ಯತೆ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ಪ್ರಕರಣಕ್ಕೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕಿಗೆ ದಾಂಪತ್ಯದಲ್ಲಿ ಎಲ್ಲಿ ಗೆರೆ ಎಳೆಯಬೇಕು ಎಂಬುದನ್ನೂ ನಮ್ಮ ಹೈಕೋರ್ಟು ಒಂದೆರಡು ಕಡೆ ಹೇಳಿದೆ. ಹೆಂಡತಿಯ ಸ್ನೇಹಿತನೆಂದು ಗಂಡ ಬೊಟ್ಟು ಮಾಡಿದ ವ್ಯಕ್ತಿಯ ಮೊಬೈಲ್ ಟವರ್ ವಿವರ ತರಿಸುವಂತಿಲ್ಲ ಎಂದು 2022ರಲ್ಲಿ ಆದೇಶವಾಯಿತು. ಮೂರನೆಯವನಿಗೂ ಅವನದೇ ಖಾಸಗಿತನ ಇದೆ, ಗಂಡ ಹೆಂಡಿರ ಜಗಳದಲ್ಲಿ ಅದು ಒಡೆಯಬಾರದು. 2023ರ ನವೆಂಬರಿನಲ್ಲಿ ಧಾರವಾಡ ಪೀಠದ ಮುಂದೆ ಬಂದದ್ದು ಹುಬ್ಬಳ್ಳಿಯ ಹೆಣ್ಣುಮಗಳ ಕಷ್ಟ. ಜೀವನಾಂಶದ ಆದೇಶವಿದೆ, ಗಂಡ ಎಲ್ಲಿದ್ದಾನೆಂದು ಗೊತ್ತಿಲ್ಲ, ಆಧಾರ್‌ನವರಿಂದ ವಿಳಾಸ ಬೇಕು. ಮದುವೆಯಾದ ಮಾತ್ರಕ್ಕೆ ಇನ್ನೊಬ್ಬರ ಆಧಾರ್ ವಿವರದ ಮೇಲೆ ಹಕ್ಕು ಬರುವುದಿಲ್ಲ, ಗಂಡನ ಮಾತನ್ನೂ ಕೇಳಬೇಕು ಎಂದಿತು ಪೀಠ. ತತ್ತ್ವ ಸರಿ. ಎಲ್ಲಿದ್ದಾನೆಂದೇ ಗೊತ್ತಿಲ್ಲದವನ ಮಾತನ್ನು ಕೇಳುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಆಕೆಯ ತಲೆಯ ಮೇಲೇ ಉಳಿಯಿತು.

ಇನ್ನೊಂದು ಕಾಯ್ದೆಯಲ್ಲಂತೂ ಫೋನಿನ ನೆರಳು ನೇರವಾಗಿ ಬಿದ್ದಿದೆ. ಬಂದೇ ನವಾಜರ ಈ ಊರಿನಲ್ಲಿ ಅದನ್ನು ಬಿಟ್ಟು ಹೇಳುವಂತಿಲ್ಲ. 2019ರ ಮುಸ್ಲಿಂ ಮಹಿಳೆಯರ ವಿವಾಹ ಹಕ್ಕು ರಕ್ಷಣಾ ಕಾಯ್ದೆ, ಒಂದೇ ಉಸಿರಿನ ತಲಾಖನ್ನು ಬಾಯಲ್ಲಿ ಹೇಳಿದರೂ ಬರೆದರೂ ಎಲೆಕ್ಟ್ರಾನಿಕ್ ರೂಪದಲ್ಲಿ ಕಳಿಸಿದರೂ ಅಸಿಂಧು ಎನ್ನುತ್ತದೆ. ಶಿಕ್ಷೆ ಮೂರು ವರ್ಷದವರೆಗೆ. ದುಬೈಯಿಂದಲೋ ಜೆಡ್ಡಾದಿಂದಲೋ ಬರುವ ಒಂದು ಮೆಸೇಜು ಮದುವೆ ಮುರಿಯಲಾರದು, ಕಳಿಸಿದವನನ್ನು ಜೈಲಿಗೆ ಕಳಿಸಬಲ್ಲದು.

ಈಗ ತಲೆಬರಹದ ಪ್ರಶ್ನೆಗೆ ಬರೋಣ. ಕೋಟೆಯ ಗೋಡೆಯ ಮುಂದೆ, ಹಫ್ತ್ ಗುಂಬಜಿನ ಹುಲ್ಲಿನ ಮೇಲೆ ಪ್ರೀ ವೆಡ್ಡಿಂಗ್ ಶೂಟ್. ಸುರಿಗಿ ಸುತ್ತುವುದರಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೆ ಡ್ರೋನ್ ಹಾರಾಟ. ಎರಡು ವರ್ಷಕ್ಕೆ ಮನಸ್ಸು ಮುರಿಯಿತು. ಬಂಗಾರ ಯಾರದು, ಬೀರು ಯಾರದು, ಬೈಕ್ ಯಾರದು ಎಂದು ಹಿರಿಯರು ಪಟ್ಟಿ ಹಾಕುತ್ತಾರೆ. ಆ ವಿಡಿಯೊ ಯಾರದು ಎಂದು ಕೇಳುವವರಿಲ್ಲ, ಅದು ಯೂಟ್ಯೂಬಿನಲ್ಲಿ ಹಾಗೇ ಓಡುತ್ತಿರುತ್ತದೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂ ಇದಕ್ಕೆ ಉತ್ತರ ಕೊಟ್ಟಿದೆ: ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೊ ಮತ್ತು ಚಲನಚಿತ್ರದ ಮೊದಲ ಒಡೆತನ ತೆಗೆಸಿದವರದು. ಸ್ಟುಡಿಯೊದವನದಲ್ಲ, ಮದುಮಕ್ಕಳದೂ ಅಲ್ಲ. ನಮ್ಮ ಕಡೆ ಶೂಟಿಂಗಿನ ಅಡ್ವಾನ್ಸ್ ಕೊಡುವವರು ಬಹುಪಾಲು ಹುಡುಗಿಯ ತಂದೆ. ಹಾಗಾದರೆ ಅಳಿಯನ ಚಾನೆಲ್ಲಿನಲ್ಲಿ ಅವನದೇ ಮದುವೆಯ ವಿಡಿಯೊ ಇರಬೇಕೋ ಬೇಡವೋ ಎಂದು ಹೇಳುವ ಅಧಿಕಾರ ಮಾವನಿಗೆ! ಸ್ಟುಡಿಯೊದ ರಸೀದಿಯ ಹಿಂಬದಿಯಲ್ಲಿ 'ನಮ್ಮ ಪ್ರಚಾರಕ್ಕೆ ಬಳಸಿಕೊಳ್ಳುತ್ತೇವೆ' ಎಂದೇನಾದರೂ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದರೆ ಅದು ಬೇರೆ ಕರಾರು ಆಗಬಹುದು, ಸಹಿ ಹಾಕುವ ಮುಂಚೆ ಓದಬೇಕು.

ಹಾರ್ಡ್ ಡಿಸ್ಕ್ ಹಂಚಿಕೊಳ್ಳಲು ವಿಚ್ಛೇದನದ ಕಾನೂನಿನಲ್ಲಿ ಜಾಗವಿಲ್ಲವೇ? ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ, ಮದುವೆಯ ಹೊತ್ತಿನಲ್ಲಿ ಉಡುಗೊರೆಯಾಗಿ ಬಂದು ಇಬ್ಬರಿಗೂ ಸೇರಿದ ವಸ್ತುಗಳ ಬಗ್ಗೆ ಮಾತ್ರ ಮಾತಾಡುತ್ತದೆ. ಆಮೇಲೆ ಇಬ್ಬರೂ ಸೇರಿ ಕಟ್ಟಿದ ಯೂಟ್ಯೂಬ್ ಚಾನೆಲ್ ಅದರಲ್ಲಿ ಬರುವುದಿಲ್ಲ. ಅವಳು ಜೋಳದ ರೊಟ್ಟಿ ಬಡಿಯುತ್ತಾಳೆ, ಅವನು ಚಿತ್ರ ತೆಗೆಯುತ್ತಾನೆ. ಮುಖ, ಕೈ, ಮಾತು ಅವಳದು. ಜಿಮೇಲ್ ಐಡಿ, ಬ್ಯಾಂಕ್ ಖಾತೆ ಅವನದು. ಫೋಟೊದ ಕರ್ತೃ ಅದನ್ನು ತೆಗೆದವರು ಎನ್ನುತ್ತದೆ ಕಾಪಿರೈಟ್ ಕಾಯ್ದೆ, ಚಲನಚಿತ್ರದ ಕರ್ತೃ ನಿರ್ಮಾಪಕ. ರೊಟ್ಟಿಯವಳಿಗೆ ಉಳಿಯುವುದು ಕಲಾವಿದರ ಹಕ್ಕೆಂಬ ತೆಳು ಆಸರೆ. ಅವಳ ಕೈ ಹಿಡಿಯುವುದು ಬೇರೆ ಕಡೆಯಿಂದ. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ ಮತ್ತು ಆದಾಯದ ವಿವರವನ್ನು ಪ್ರಮಾಣ ಮಾಡಿ ಸಲ್ಲಿಸಬೇಕೆಂದು ನಮೂನೆಯನ್ನೇ ಹಾಕಿಕೊಟ್ಟಿತು. ತಿಂಗಳಿಗೆ ಖಾತೆಗೆ ಬೀಳುವ ಯೂಟ್ಯೂಬ್ ದುಡ್ಡನ್ನು 'ನಾನು ನಿರುದ್ಯೋಗಿ' ಎಂದು ಮುಚ್ಚಿಡುವುದು ಈಗ ಅಷ್ಟು ಸುಲಭವಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್ ಬಾಯಿ ಬಿಡುತ್ತದೆ. ಚಾನೆಲ್ ಯಾರದೆಂದು ತೀರ್ಮಾನವಾಗದಿದ್ದರೂ ಅದರ ದುಡಿಮೆ ಲೆಕ್ಕಕ್ಕೆ ಬರುತ್ತದೆ.

ಕಾಪಿರೈಟಿಗೆ ನೋಂದಣಿ ಬೇಡವೇ ಎಂದು ಕೇಳುವವರುಂಟು. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕ ಬೇಕಾದಾಗ ಅರ್ಜಿ, ದಾಖಲೆ, ನೋಂದಣಿ ಎಲ್ಲ ಆಗಬೇಕಾಯಿತು. ಕಾಪಿರೈಟ್ ಹಾಗಲ್ಲ, ಕೃತಿ ಹುಟ್ಟಿದ ಗಳಿಗೆಯಲ್ಲೇ ಹಕ್ಕೂ ಹುಟ್ಟುತ್ತದೆ. ಫೋನಿನಲ್ಲಿ ಬೆರಳು ಒತ್ತಿದವರೆಲ್ಲರೂ ಹಕ್ಕುದಾರರು.

ಮದುವೆ ಹಾಡಿನ ಕಥೆ ಇನ್ನೂ ತಮಾಷೆ. ಕಾಯ್ದೆಯ 52ನೇ ಕಲಂ ಧಾರ್ಮಿಕ ಸಮಾರಂಭಗಳಲ್ಲಿ ಹಾಡು ಹಾಕಲು ಬಿಟ್ಟಿದೆ. ಮದುವೆಯ ಮೆರವಣಿಗೆ, ಅದಕ್ಕೆ ಸಂಬಂಧಿಸಿದ ಸಂಭ್ರಮ ಎಲ್ಲವೂ ಅದರಲ್ಲಿ ಸೇರಿದೆ. ಕಲ್ಯಾಣ ಮಂಟಪಗಳಿಗೆ ಬಂದು ರಾಯಧನ ಕೇಳುವವರ ಕಾಟ ಹೆಚ್ಚಾದಾಗ ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಇದನ್ನೇ ನೆನಪಿಸಿ ಪ್ರಕಟಣೆ ಹೊರಡಿಸಿತು. ಆದರೆ ರಿಯಾಯಿತಿ ಮಂಟಪದ ಬಾಗಿಲಿಗೇ ಮುಗಿಯುತ್ತದೆ. ಡಿ.ಜೆ. ಹಾಕಿದ ಅದೇ ಹಾಡು ಮದುವೆ ವಿಡಿಯೊದ ಹಿನ್ನೆಲೆಯಾಗಿ ಯೂಟ್ಯೂಬಿಗೆ ಏರಿದರೆ, ಕಂಟೆಂಟ್ ಐಡಿ ಎಂಬ ಯಂತ್ರ ಕ್ಷಣಾರ್ಧದಲ್ಲಿ ಗುರುತು ಹಿಡಿಯುತ್ತದೆ. ಅದಕ್ಕೆ 52ನೇ ಕಲಮೂ ಗೊತ್ತಿಲ್ಲ, ಅಕ್ಷತೆಯೂ ಗೊತ್ತಿಲ್ಲ.

ಅದರ ಕುರುಡುತನ ನಿಜವಾಗಿ ಬಾಧಿಸುವುದು ಭಜನೆಯವರನ್ನು. ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳಿಗೆ ಇವತ್ತು ಯಾರೂ ಒಡೆಯರಲ್ಲ. ಕರ್ತೃವಿನ ಜೀವಿತಾವಧಿ, ಆಮೇಲೆ 60 ವರ್ಷ. ಅಷ್ಟು ಕಳೆದರೆ ಸಾಹಿತ್ಯ ಎಲ್ಲರದು. ಮಡಿವಾಳಪ್ಪನವರು 19ನೇ ಶತಮಾನದವರು. ಬಸವಣ್ಣನ ವಚನದ ಮಾತಂತೂ ಬೇಡವೇ ಬೇಡ. ಆದರೆ ಯಾವುದೋ ಕ್ಯಾಸೆಟ್ ಕಂಪನಿ ಆ ಪದವನ್ನು ಹಾಡಿಸಿ ಧ್ವನಿಮುದ್ರಿಸಿದ್ದರೆ ಆ ಮುದ್ರಣದ ಹಕ್ಕು 60 ವರ್ಷ ಕಂಪನಿಯದು. ಕಮಲಾಪುರದ ಕಡೆಯ ಒಂದು ಭಜನಾ ಮಂಡಳಿ ಅದೇ ಧಾಟಿಯಲ್ಲಿ, ತನ್ನದೇ ಹಾರ್ಮೋನಿಯಂ, ದಮ್ಮಡಿ, ತಾಳ ಇಟ್ಟುಕೊಂಡು ಹಾಡಿ ಹಾಕಿದರೂ ಯಂತ್ರ ಮುದ್ರಣಕ್ಕೂ ಧಾಟಿಗೂ ಗೊಂದಲ ಮಾಡಿಕೊಂಡು ಜಾಹೀರಾತಿನ ದುಡ್ಡನ್ನು ಕಂಪನಿಗೆ ತಿರುಗಿಸಬಹುದು. ತಕರಾರು ಸಲ್ಲಿಸಬಹುದು, ಕಂಪನಿ 30 ದಿನದೊಳಗೆ ಉತ್ತರಿಸಬೇಕು. ಫಾರ್ಮು ಕಾನೂನು ಭಾಷೆಯಲ್ಲಿರುವಾಗ ಎಷ್ಟು ಮಂಡಳಿಗಳು ಆ ಗೋಜಿಗೆ ಹೋದಾವು? 90 ದಿನದಲ್ಲಿ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗುತ್ತದೆ ಎಂಬ ಭಯಕ್ಕೆ ಸುಮ್ಮನಾಗುವವರೇ ಹೆಚ್ಚು. ನಮ್ಮ ಕಾಯ್ದೆ ಇಷ್ಟು ಒರಟಲ್ಲ. ದೂರು ಬಂದರೆ 21 ದಿನ ತಡೆಹಿಡಿ, ಅಷ್ಟರಲ್ಲಿ ದೂರುದಾರ ಕೋರ್ಟಿನ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು ಎಂಬ ಏರ್ಪಾಟು 2012ರ ತಿದ್ದುಪಡಿಯಿಂದ ಇದೆ. ಭಾರತದ ಕಾಯ್ದೆಗಿಂತ ಕಂಪನಿಯ ನಿಯಮವೇ ನಿತ್ಯದ ಕಾನೂನು ಆಗಿಬಿಟ್ಟಿರುವುದು ಇಲ್ಲಿ ಕಾಣುತ್ತದೆ.

ವಿಚಿತ್ರವೆಂದರೆ ಇದೇ ಕಾಪಿರೈಟ್ ಮುರಿದ ಮದುವೆಯಲ್ಲಿ ಹೆಣ್ಣುಮಕ್ಕಳಿಗೆ ಒಂದು ಆಯುಧವೂ ಹೌದು. ದೂರವಿದ್ದ ಗಂಡನಿಗೆಂದು ಆಕೆ ತಾನೇ ತೆಗೆದು ಕಳಿಸಿದ ಸೆಲ್ಫಿಯ ಹಕ್ಕು ಆಕೆಯದು. ಜಗಳದ ನಂತರ ಅವನು ಅದನ್ನು ಎಲ್ಲೋ ಹಾಕಿದರೆ, ಮಾನದ ಪ್ರಶ್ನೆ ಎಂದು ಬರೆದ ದೂರಿಗಿಂತ 'ನನ್ನ ಕೃತಿ ಕದ್ದಿದ್ದಾರೆ' ಎಂಬ ದೂರಿಗೆ ವಿದೇಶಿ ಜಾಲತಾಣಗಳು ಬೇಗ ಓಗೊಟ್ಟ ನಿದರ್ಶನಗಳು ಹೊರದೇಶಗಳಲ್ಲಿ ಇವೆ. ಅವನೇ ತೆಗೆದ ಚಿತ್ರವಾದರೆ ಈ ದಾರಿ ಮುಚ್ಚುತ್ತದೆ, ಕಾಪಿರೈಟ್ ಅವನದು. ಆದರೆ ತೆಗೆಯಲು ಒಪ್ಪಿದ್ದು ಹಂಚಲು ಒಪ್ಪಿದಂತಲ್ಲ ಎಂದು ನ್ಯಾಯ ಸಂಹಿತೆಯ 77ನೇ ಕಲಂ ಬಿಡಿಸಿ ಹೇಳಿದೆ. ಇಂಥ ಚಿತ್ರಗಳ ಬಗ್ಗೆ ದೂರು ಬಂದರೆ ತೆಗೆಯಲು 2021ರ ಐಟಿ ನಿಯಮಗಳು ಜಾಲತಾಣಗಳಿಗೆ 24 ಗಂಟೆಯ ಗಡುವು ಹಾಕಿದವು. ಸ್ವಾಮ್ಯ ಅವನದಿದ್ದರೂ ತೋರಿಸುವ ಹಕ್ಕು ಅವನಿಗಿಲ್ಲ.

ಕೋರ್ಟೇ ತೋರಿಸಿದರೆ? 2024ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟಿನ ಒಂದು ತುಣುಕು ಎಲ್ಲರ ಫೋನಿಗೂ ಬಂತು. ಗಂಡನಿಂದ ತಿಂಗಳಿಗೆ 6,16,300 ರೂಪಾಯಿ ಜೀವನಾಂಶ ಕೇಳಿದ ಮಹಿಳೆಯ ಪ್ರಕರಣ. ಅಷ್ಟು ಖರ್ಚು ಮಾಡುವುದಿದ್ದರೆ ತಾವೇ ದುಡಿಯಲಿ ಎಂಬರ್ಥದ ನ್ಯಾಯಮೂರ್ತಿಗಳ ಮಾತು. ನೇರಪ್ರಸಾರದ ನಿಯಮಗಳು 2022ರ ಜನವರಿಯಿಂದ ಜಾರಿಯಲ್ಲಿವೆ. ವೈವಾಹಿಕ ಪ್ರಕರಣಗಳನ್ನು ಪ್ರಸಾರದಿಂದ ಹೊರಗಿಡಬೇಕೆಂದು ಅವೇ ನಿಯಮಗಳು ಹೇಳುತ್ತವೆ. ಪ್ರಸಾರದ ದೃಶ್ಯಗಳ ಸಂಪೂರ್ಣ ಕಾಪಿರೈಟ್ ಕೋರ್ಟಿನದು, ಅನುಮತಿಯಿಲ್ಲದೆ ಬಳಸಿದರೆ ಅಪರಾಧ ಎಂದೂ ಹೇಳುತ್ತವೆ. ಆದರೂ ಆ ತುಣುಕಿಗೆ ಸಿನಿಮಾ ಸಂಗೀತ ಸೇರಿಸಿ ಹಂಚಿದವರಿಗೆ ಲೆಕ್ಕವಿಲ್ಲ. ಮರುತಿಂಗಳು ನ್ಯಾಯಮೂರ್ತಿಯೊಬ್ಬರ ಬೇರೆ ಮಾತುಗಳ ತುಣುಕು ಗದ್ದಲ ಎಬ್ಬಿಸಿ ಸುಪ್ರೀಂ ಕೋರ್ಟ್ ತಾನಾಗಿ ಪ್ರಕರಣ ಎತ್ತಿಕೊಂಡಿತು. ಆಗ ವಕೀಲರ ಸಂಘದ ಅರ್ಜಿಯ ಮೇಲೆ ಹೈಕೋರ್ಟ್ ಸೆಪ್ಟೆಂಬರ್ 24ರಂದು ಹಲವು ಯೂಟ್ಯೂಬ್ ಚಾನೆಲ್ಲುಗಳಿಗೆ ಕೋರ್ಟಿನ ದೃಶ್ಯ ಬಳಸದಂತೆ ತಡೆ ಹಾಕಿತು. ಬಿಸಿಲಿಗೆ ಮದ್ದು ಇನ್ನಷ್ಟು ಬಿಸಿಲೇ, ಬಾಗಿಲು ಮುಚ್ಚುವುದಲ್ಲ ಎಂಬ ಧಾಟಿಯಲ್ಲಿ ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮರುದಿನ ಹೇಳಿದರು. ನ್ಯಾಯಾಧೀಶರ ಮಾತಿಗೆ ಬಿಸಿಲು ಬೀಳಲಿ, ಬೀಳಬೇಕು. ಜೀವನಾಂಶ ಕೇಳಿ ಬಂದವಳ ಮುಖಕ್ಕೆ ಯಾಕೆ?

ಹಿಂದೂ ವಿವಾಹ ಕಾಯ್ದೆಯ 22ನೇ ಕಲಂ ಈ ವ್ಯಾಜ್ಯಗಳನ್ನು ಮುಚ್ಚಿದ ಬಾಗಿಲ ಹಿಂದೆ ನಡೆಸಬೇಕು, ವಿವರ ಪ್ರಕಟಿಸಬಾರದು ಎನ್ನುತ್ತದೆ. ಮೀರಿದರೆ ದಂಡ ಹೆಚ್ಚೆಂದರೆ ಸಾವಿರ ರೂಪಾಯಿ. ಒಂದು ರೀಲ್ಸಿನ ಗಳಿಕೆ ಅದಕ್ಕಿಂತ ಹೆಚ್ಚಿರಬಹುದು. ಕಲಂ ಸುಳ್ಳಲ್ಲ, ಅದರ ಬೆಲೆ ಪತ್ರಿಕೆಗಳಷ್ಟೇ ಇದ್ದ ಕಾಲದ್ದು. ಸಂಸತ್ತು ಮೊದಲು ಮುಟ್ಟಬೇಕಾದ್ದು ಈ ಅಂಕಿಯನ್ನು.

ಅಲ್ಲಿಯವರೆಗೆ ಮಾಡಬಹುದಾದ್ದು ಒಂದಿದೆ. 2017ರ ಜನವರಿಯಲ್ಲಿ ನ್ಯಾ. ಆನಂದ ಬೈರಾರೆಡ್ಡಿ ಅವರ ಮುಂದೆ ಒಬ್ಬ ತಂದೆ ಬಂದಿದ್ದರು. ಮಗಳ ವಿವಾಹ ರದ್ದತಿಯ ವ್ಯಾಜ್ಯ ರಾಜಿಯಾಗಿತ್ತು, ಆದರೆ ಯಾರಾದರೂ ಆಕೆಯ ಹೆಸರು ಹುಡುಕಿದರೆ ಹಳೆಯ ಆದೇಶ ಕಣ್ಣಿಗೆ ಬೀಳುತ್ತದೆ ಎಂಬ ಆತಂಕ. ಅಂತರ್ಜಾಲದ ಹುಡುಕಾಟದಲ್ಲಿ ಹೆಸರು ಕಾಣದಂತೆ ಮರೆಮಾಚಲು ನ್ಯಾಯಮೂರ್ತಿಗಳು ರಿಜಿಸ್ಟ್ರಿಗೆ ಸೂಚಿಸಿದರು. ದೃಢೀಕೃತ ಪ್ರತಿಯಲ್ಲಿ ಮಾತ್ರ ಹೆಸರು ಇದ್ದೇ ಇರುತ್ತದೆ ಎಂದರು. ಮರೆಯಲ್ಪಡುವ ಹಕ್ಕಿನ ಬಗ್ಗೆ ದೇಶದಲ್ಲಿ ಬಂದ ಮೊದಮೊದಲ ಆದೇಶಗಳಲ್ಲಿ ಅದೂ ಒಂದು. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 11ನೇ ಕಲಂ ಪ್ರಕಾರ ಇಬ್ಬರಲ್ಲಿ ಒಬ್ಬರು ಕೇಳಿದರೂ ವಿಚಾರಣೆ ಮುಚ್ಚಿದ ಕೊಠಡಿಯಲ್ಲಿ ನಡೆಯಬೇಕು. ಈ ಎರಡೂ ಕೋರಿಕೆಗಳನ್ನು ದಾವೆಯ ಜೊತೆಗೇ, ಮೊದಲ ದಿನವೇ ಸಲ್ಲಿಸಿ ಎಂದು ವಕೀಲರಿಗೆ ಹೇಳಿ. ತೀರ್ಪು ಜಾಲತಾಣಕ್ಕೆ ಏರಿದ ಮೇಲೆ ಹೆಸರು ಅಳಿಸಲು ಇನ್ನೊಂದು ಅರ್ಜಿ, ಇನ್ನೊಂದು ವಕಾಲತ್ತು, ಇನ್ನೊಂದು ಫೀಸು.